ಕೇಳಿದವರು ಕೇಳುವ ಪ್ರಶ್ನೆಗಳು: ಮಹಾವಿಷ್ಣು ಆರ್ಕೆಸ್ಟ್ರಾದ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’

ಈ ಆಲ್ಬಮ್ಮನ್ನು ನಾನು ಸುಮಾರು ಜನರ ಕಿವಿಗೆ ಹಾಕಿದ್ದೇನೆ. ಕೆಲವರು ಮೊದಲ ಟ್ರ್ಯಾಕ್ ಮುಗಿಯುವ ಮೊದಲೇ ಹೆಡ್‌ಫೋನ್ ಕಳಚಿ ಕೈಗೆ ಕೊಟ್ಟರು. ಕೆಲವರು ವಾರ ಬಿಟ್ಟು ಫೋನ್ ಮಾಡಿ "ಇನ್ನೇನಿದೆ ಕೊಡು" ಅಂದರು. ನಡುವೆ ನಿಂತವರು ಬಹಳ ಕಮ್ಮಿ. ಆದರೆ ಬೈದವರೂ ಮೆಚ್ಚಿದವರೂ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೆ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಯಾವ ಆಲ್ಬಮ್? ನುಡಿಸಿದವರು ಯಾರು?

1971ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆಗಿ, ಅದೇ ವರ್ಷ ನವೆಂಬರ್‌ನಲ್ಲಿ ಕೊಲಂಬಿಯಾ ಕಂಪನಿಯಿಂದ ಬಂದ, ಮಹಾವಿಷ್ಣು ಆರ್ಕೆಸ್ಟ್ರಾ ಅನ್ನುವ ಜಾಝ್-ರಾಕ್ ತಂಡದ ಮೊದಲ ಆಲ್ಬಮ್. ಎಂಟು ಟ್ರ್ಯಾಕ್, ಹತ್ತಿರ ಹತ್ತಿರ 46 ನಿಮಿಷ. ಹಾಡುವವರು ಯಾರೂ ಇಲ್ಲ, ಬರೀ ವಾದ್ಯ.

ಐದು ಜನ. ಗಿಟಾರ್‌ನಲ್ಲಿ ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್. ಡ್ರಮ್ಸ್‌ನಲ್ಲಿ ಪನಾಮಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನಲ್ಲಿ ಬೆಳೆದ ಬಿಲ್ಲಿ ಕೋಬಮ್. ಕೀಬೋರ್ಡ್‌ನಲ್ಲಿ ಪ್ರಾಗ್‌ನಿಂದ ಬಂದ ಯಾನ್ ಹ್ಯಾಮರ್. ಪಿಟೀಲಿನಲ್ಲಿ ಶಿಕಾಗೋದ ಜೆರ್ರಿ ಗುಡ್‌ಮನ್. ತಗ್ಗು ಸ್ವರದ ಬೇಸ್ ಗಿಟಾರ್‌ನಲ್ಲಿ ಐರ್ಲೆಂಡ್‌ನ ರಿಕ್ ಲೇರ್ಡ್. ಬೇರೆ ಬೇರೆ ದೇಶದಲ್ಲಿ ಹುಟ್ಟಿ ಒಂದೇ ಕೋಣೆಗೆ ಬಂದು ಸೇರಿದವರು. ತಂಡ ಕಟ್ಟಿಕೊಂಡು ಕೆಲವೇ ವಾರ ಆಗಿತ್ತು, ಆಗಲೇ ಈ ರೆಕಾರ್ಡಿಂಗ್. ಅದನ್ನು ನೆನಪಿಟ್ಟುಕೊಂಡು ಕೇಳಿದರೆ ಸ್ವಲ್ಪ ಭಯವೇ ಆಗುತ್ತದೆ.

ಮೊದಲ ಸಲ ಕೇಳಿದಾಗ ಬರೀ ಗದ್ದಲ ಅನ್ನಿಸಿತು. ನನ್ನ ಕಿವೀಲೇ ತೊಂದರೆ ಇದೆಯಾ?

ಇಲ್ಲ. ನನಗೂ ಹಾಗೇ ಅನ್ನಿಸಿತ್ತು.

‘ಮೀಟಿಂಗ್ ಆಫ್ ದಿ ಸ್ಪಿರಿಟ್ಸ್’ ಶುರುವಾಗುವ ರೀತಿಯೇ ಹಾಗಿದೆ. ಬಾಗಿಲು ತಟ್ಟಿ ಒಳಗೆ ಬರುವ ಸಂಗೀತ ಅಲ್ಲ ಇದು. ಐದೂ ಜನ ಒಟ್ಟಿಗೆ ಒಂದೊಂದೇ ದೊಡ್ಡ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹೊಡೆಯುತ್ತಾರೆ. ನಡುವೆ ಡ್ರಮ್ಸ್ ಕಲ್ಲು ಉರುಳಿಸಿದ ಹಾಗೆ ಉರುಳುತ್ತದೆ. ಆಮೇಲೆ ಥಟ್ಟನೆ ಎಲ್ಲ ತಗ್ಗಿ, ಗಿಟಾರ್ ಒಂದೇ ತಂತಿ ತಂತಿಯಾಗಿ ಬಿಡಿಸಿ ನುಡಿಸುವ ಒಂದು ಸುತ್ತು ಕೇಳಿಸುತ್ತದೆ. ಆ ಸುತ್ತನ್ನು ಹಿಡಿದುಕೊಳ್ಳಿ. ಮುಂದಿನ ಆರು ನಿಮಿಷ ಅದರ ಮೇಲೇ ನಿಂತಿದೆ. ಪಿಟೀಲು ಬರಲಿ, ಕೀಬೋರ್ಡ್ ಬರಲಿ, ಯಾರು ಎಷ್ಟೇ ಎಗರಾಡಲಿ, ಅದು ಕೆಳಗೆ ತಿರುಗುತ್ತಲೇ ಇರುತ್ತದೆ.

ಗದ್ದಲ ಅನ್ನಿಸುವುದಕ್ಕೆ ಕಾರಣ ಒಂದೇ. ನಮ್ಮ ಕಿವಿ ಎಲ್ಲದಕ್ಕಿಂತ ಜೋರಾಗಿರುವುದನ್ನು ಮೊದಲು ಹುಡುಕುತ್ತದೆ. ಇಲ್ಲಿ ಜೋರಾಗಿರುವುದು ನಾಲ್ಕು. ಯಾವುದರ ಹಿಂದೆ ಹೋಗುವುದು ಅಂತ ಗೊತ್ತಾಗದೆ ಕಿವಿ ಸುಸ್ತಾಗುತ್ತದೆ.

ಹಾಗಾದರೆ ಯಾರ ಹಿಂದೆ ಹೋಗಬೇಕು?

ರಿಕ್ ಲೇರ್ಡ್ ಹಿಂದೆ. ಬೇಸ್ ಹಿಂದೆ.

ಇದು ನನ್ನ ಸ್ವಂತ ಬುದ್ಧಿ ಅಲ್ಲ. ಬೇಸ್ ನುಡಿಸುವ ಗೆಳೆಯನೊಬ್ಬ ಹೇಳಿಕೊಟ್ಟದ್ದು. ನಾನು "ಇದೇನೋ ಇದು, ಎಲ್ಲರೂ ಸೇರಿ ಜಗಳ ಆಡ್ತಿದ್ದಾರೆ" ಅಂದಾಗ ಅವನು "ಗಿಟಾರ್ ಬಿಡೋ, ಕೆಳಗಡೆ ಏನಾಗ್ತಿದೆ ಕೇಳು" ಅಂದ. ಅಷ್ಟೇ. ಆಮೇಲೆ ಆಲ್ಬಮ್ ಬೇರೆಯೇ ಆಯಿತು.

ಲೇರ್ಡ್ ಲಂಡನ್ನಿನ ಜಾಝ್ ಕ್ಲಬ್ಬುಗಳಲ್ಲಿ ಪಳಗಿದವರು. ಅಲ್ಲಿಂದಲೇ ಮೆಕ್‌ಲಾಫ್ಲಿನ್‌ಗೆ ಹಳೇ ಪರಿಚಯ. ಬಡ್ಡಿ ರಿಚ್‌ನಂಥ ಡ್ರಮ್ಮರ್ ಜೊತೆ ನುಡಿಸಿ ಬಂದವರು. ಈ ಆಲ್ಬಮ್ಮಿನಲ್ಲಿ ಅವರು ಹೊಡೆದದ್ದೆಲ್ಲ ಬೇಕಾದಷ್ಟೇ. ನಾಲ್ವರು ಆಕಾಶಕ್ಕೆ ಏಣಿ ಹಾಕುವಾಗ ಏಣಿಯ ಬುಡ ಹಿಡಿದು ನಿಂತ ಮನುಷ್ಯ ಅವರು. ಅವರು ಕೈ ಬಿಟ್ಟಿದ್ದರೆ ಎಲ್ಲರೂ ಕೆಳಗೆ. ಯಾವ ಮುಖ್ಯ ಆಲ್ಬಮ್ ಪಟ್ಟಿಯಲ್ಲೂ ಅವರ ಹೆಸರು ಮೊದಲು ಬರುವುದಿಲ್ಲ. ಮುಂದೆ ಸಂಗೀತ ಬಿಟ್ಟು ಫೋಟೋಗ್ರಾಫರ್ ಆದರು. 2021ರಲ್ಲಿ ತೀರಿಕೊಂಡರು.

ಒಂದು ಸಲ ಇಡೀ ಆಲ್ಬಮ್ಮನ್ನು ಬರೀ ಬೇಸ್‌ಗಾಗಿ ಕೇಳಿ. ಮೊಬೈಲ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಅದರಲ್ಲಿ ಬೇಸ್ ಕೇಳಿಸುವುದೇ ಇಲ್ಲ. ‘ಬರೀ ಗದ್ದಲ’ ಅಂದವರಲ್ಲಿ ಅರ್ಧ ಜನ ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿದವರು ಅಂತ ನನ್ನ ಅನುಮಾನ.

ಬರೀ ಸ್ಪೀಡು ತಾನೇ? ಇದರಲ್ಲಿ ಭಾವ ಎಲ್ಲಿದೆ?

ಈ ಆಲ್ಬಮ್ ಮೇಲಿರುವ ಅತಿ ಹಳೆಯ ದೂರು ಇದು. ಸುಳ್ಳು ದೂರು ಅಂತ ನಾನು ಹೇಳುವುದಿಲ್ಲ. ‘ದಿ ನೂನ್‌ವರ್ಡ್ ರೇಸ್’ ಹೆಸರಲ್ಲೇ ಓಟ ಇದೆ. ಗಿಟಾರ್ ಮತ್ತು ಡ್ರಮ್ಸ್ ಇಬ್ಬರೇ ಓಡಲು ಶುರು ಮಾಡುತ್ತಾರೆ, ಮಿಕ್ಕವರು ಓಡುತ್ತಲೇ ಬಂದು ಸೇರಿಕೊಳ್ಳುತ್ತಾರೆ. ಆರು ನಿಮಿಷ ಉಸಿರು ಬಿಡುವುದಕ್ಕೆ ಜಾಗ ಇಲ್ಲ. ಒಂದೊಂದು ದಿನ ನನಗೂ ಅದು ಜಾಸ್ತಿ ಆಗುತ್ತದೆ, ದಾಟಿಸಿ ಮುಂದೆ ಹೋಗುತ್ತೇನೆ.

ಆದರೆ ಸ್ಪೀಡಿನಲ್ಲೂ ಎರಡು ಜಾತಿ ಇದೆ. ಒಂದು, ‘ನೋಡಿ ನನ್ನ ಕೈ’ ಅನ್ನುವ ಸ್ಪೀಡು. ಇನ್ನೊಂದು, ಹೇಳಬೇಕಾದ್ದು ಗಂಟಲಲ್ಲಿ ತುಂಬಿಕೊಂಡು ಒಟ್ಟಿಗೆ ಹೊರಗೆ ನುಗ್ಗುವ ಸ್ಪೀಡು. ಮೆಕ್‌ಲಾಫ್ಲಿನ್ ಎರಡನೇ ಜಾತಿ. ಅವರ ಗಿಟಾರ್ ನುಣುಪಾಗಿಲ್ಲ ಅನ್ನುವುದನ್ನು ಗಮನಿಸಿ. ಸ್ವರಗಳು ಕಚ್ಚುತ್ತವೆ. ಆಂಪ್ಲಿಫೈಯರ್ ಪೂರ್ತಿ ತಿರುಗಿಸಿಟ್ಟು ನುಡಿಸಿದ ಸದ್ದು ಅದು, ಒಂದೊಂದು ಕಡೆ ಹರಿದೇ ಹೋಗುತ್ತದೆ. ಬರೀ ಕೈಚಳಕ ತೋರಿಸಬೇಕಿದ್ದವರು ಹಾಗೆ ಹರಿಯಲು ಬಿಡುತ್ತಿರಲಿಲ್ಲ.

ಸ್ಪೀಡು ಕಮ್ಮಿ ಇರುವ ಕಡೆ ಈ ತಂಡ ಏನು ಮಾಡುತ್ತದೆ ಅಂತ ನೋಡಬೇಕಿದ್ದರೆ ‘ಯು ನೋ, ಯು ನೋ’ ಕೇಳಿ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ತಾಳ ಎಣಿಸೋಕೆ ಆಗ್ತಾ ಇಲ್ಲ. ಎಣಿಸಲೇಬೇಕಾ?

ಬೇಡ. ಆದರೆ ಎಣಿಸಿದರೆ ಒಂದು ಮಜಾ ಸಿಗುತ್ತದೆ.

ರಾಕ್ ಸಂಗೀತ ಬಹುಪಾಲು ನಾಲ್ಕರ ಲೆಕ್ಕದಲ್ಲಿ ನಡೆಯುತ್ತದೆ. ಇಲ್ಲಿ ಹಾಗಲ್ಲ. ‘ಡಾನ್’ ಏಳರಲ್ಲಿದೆ. ‘ವೈಟಲ್ ಟ್ರಾನ್ಸ್‌ಫರ್ಮೇಷನ್’ ಒಂಬತ್ತರಲ್ಲಿ. ‘ದಿ ಡಾನ್ಸ್ ಆಫ್ ಮಾಯಾ’ ಹತ್ತರಲ್ಲಿ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ತೊಡೆ ತಟ್ಟಿ ಕೂತು ಅಭ್ಯಾಸ ಇದ್ದವರಿಗೆ ಇದೇನೂ ಹೊಸದಲ್ಲ. ‘ಡಾನ್’ ಬಂದಾಗ ಬಾಯಲ್ಲಿ ‘ತಕಿಟ ತಕಧಿಮಿ’ ಅಂತ ನಿಧಾನಕ್ಕೆ ಹೇಳಿಕೊಂಡು ಹೋಗಿ, ಏಳು ಸರಿಯಾಗಿ ಬಂದು ಕೂರುತ್ತದೆ. ಒಂಬತ್ತು ಸ್ವಲ್ಪ ಕಷ್ಟ, ಯಾಕೆಂದರೆ ಅಲ್ಲಿ ಕೋಬಮ್ ಒಬ್ಬರೇ ಮೊದಲು ಶುರು ಮಾಡುತ್ತಾರೆ. ಎಲ್ಲಿ ಒಂದು ಅಂತ ಗೊತ್ತಾಗುವಷ್ಟರಲ್ಲಿ ಮಿಕ್ಕವರು ಒಳಗೆ ಬಂದಿರುತ್ತಾರೆ.

ಎಣಿಸುವುದನ್ನು ಚಟ ಮಾಡಿಕೊಳ್ಳಬೇಡಿ. ನಾನು ಒಮ್ಮೆ ಬಸ್ಸಲ್ಲಿ ಕಣ್ಣು ಮುಚ್ಚಿ ಬೆರಳು ಮಡಚುತ್ತಾ ಕೂತು, ಇಳಿಯುವ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ.

‘ದಿ ಡಾನ್ಸ್ ಆಫ್ ಮಾಯಾ’ ಬಗ್ಗೆ ಎಲ್ಲರೂ ಯಾಕೆ ಅಷ್ಟು ಮಾತಾಡುತ್ತಾರೆ?

ಅದರೊಳಗೆ ಒಂದು ಕಣ್ಕಟ್ಟು ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಭಾಗ: ಗಿಟಾರ್ ಒಬ್ಬಂಟಿಯಾಗಿ ಕಾರ್ಡುಗಳನ್ನು ಬಿಡಿಸಿ ನುಡಿಸುತ್ತದೆ. ಯಾವ ಕಾರ್ಡೂ ಕಿವಿಗೆ ಹಿತ ಅಲ್ಲ. ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಮನೆಗೆ ಬರುವುದಿಲ್ಲ. ಸುತ್ತು ಹತ್ತರ ಲೆಕ್ಕದ್ದು. ಮಿಕ್ಕವರು ಮೆಲ್ಲಗೆ ಸೇರಿಕೊಳ್ಳುತ್ತಾರೆ, ಸದ್ದು ಬೆಳೆಯುತ್ತದೆ, ಭಾರ ಆಗುತ್ತದೆ. ಏನೋ ಕೆಟ್ಟದ್ದು ಆಗುತ್ತದೆ ಅನ್ನುವ ಹಾಗೆ.

ಎರಡನೇ ಭಾಗ: ಇದ್ದಕ್ಕಿದ್ದ ಹಾಗೆ ಅದೆಲ್ಲ ಮಾಯ. ಬ್ಲೂಸ್ ಶುರು. ಕಾಲು ಕುಣಿಸುವಂಥ, ತಮಾಷೆಯ ಬ್ಲೂಸ್. ಆದರೆ ಕುಣಿಯಲು ಹೋದರೆ ಕಾಲು ತಪ್ಪುತ್ತದೆ. ಪ್ರತಿ ಸುತ್ತಿನ ಕೊನೆಯಲ್ಲಿ ಯಾರೋ ಒಂದು ಚೂರು ಕತ್ತರಿಸಿಕೊಂಡು ಹೋದ ಹಾಗೆ. ಕುಂಟುವ ಬ್ಲೂಸ್. ಅದೂ ಹತ್ತರ ಲೆಕ್ಕವೇ ಅನ್ನುವುದು ಮೊದಲ ಸಲ ಯಾರಿಗೂ ಹೊಳೆಯುವುದಿಲ್ಲ.

ಮೂರನೇ ಭಾಗ: ಕೋಬಮ್ ಕುಂಟುವ ಬ್ಲೂಸಿನ ನಡೆ ಬಿಡುವುದಿಲ್ಲ. ಅದರ ಮೇಲೇ ಮೊದಲ ಭಾಗದ ಆ ಕಹಿ ಕಾರ್ಡುಗಳ ಸುತ್ತು ವಾಪಸ್ ಬರುತ್ತದೆ. ಎರಡೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ, ಡಬ್ಬಿಗೆ ಮುಚ್ಚಳ ಕೂತ ಹಾಗೆ. ಇಷ್ಟು ಹೊತ್ತು ಬೇರೆ ಬೇರೆ ಅಂದುಕೊಂಡದ್ದು ಒಂದೇ ಆಗಿತ್ತು. ಹೆಸರು ಮಾಯೆ ಅಂತ ಸುಮ್ನೆ ಇಟ್ಟದ್ದಲ್ಲ.

ಇದನ್ನು ಗೊತ್ತು ಮಾಡಿಕೊಂಡು ಕೇಳಿದಾಗ ನನಗೆ ನಗು ಬಂತು. ಒಳ್ಳೆ ಜಾದು ನೋಡಿದಾಗ ಬರುತ್ತದಲ್ಲ, ಆ ನಗು.

ಇದು ಜಾಝಾ, ರಾಕಾ?

ಜಾಝ್ ಕೇಳುವವರು ರಾಕ್ ಅಂತಾರೆ, ರಾಕ್ ಕೇಳುವವರು ಜಾಝ್ ಅಂತಾರೆ. ಇಬ್ಬರೂ ಸ್ವಲ್ಪ ಮುಖ ಸಿಂಡರಿಸಿಕೊಂಡೇ ಹೇಳುತ್ತಾರೆ.

ಬೇರು ಜಾಝಿನಲ್ಲಿದೆ. ಮೆಕ್‌ಲಾಫ್ಲಿನ್ 1969ರಲ್ಲಿ ಲಂಡನ್ ಬಿಟ್ಟು ನ್ಯೂಯಾರ್ಕ್‌ಗೆ ಬಂದದ್ದು ಡ್ರಮ್ಮರ್ ಟೋನಿ ವಿಲಿಯಮ್ಸ್ ತಂಡ ಸೇರಲು. ಬಂದ ಕೆಲವೇ ದಿನದಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇವರನ್ನು ಸ್ಟುಡಿಯೋಗೆ ಕರೆದುಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ರೆಕಾರ್ಡ್ ಆದ ಮೈಲ್ಸ್‌ನ ‘ಬಿಚಸ್ ಬ್ರೂ’ದಲ್ಲಿ ಒಂದು ಟ್ರ್ಯಾಕ್‌ನ ಹೆಸರೇ ‘ಜಾನ್ ಮೆಕ್‌ಲಾಫ್ಲಿನ್’. ಮೈಲ್ಸ್ ಜೊತೆಗಿನ ಕೆಲಸದಲ್ಲೇ ಕೋಬಮ್ ಕೂಡ ಸಿಕ್ಕರು.

ಮೈಲ್ಸ್ ಹಾದಿಯ ಸಂಗೀತ ಬಿಡಿಬಿಡಿಯಾಗಿ, ಹೊಗೆಯ ಹಾಗೆ ಹರಡುತ್ತದೆ. ಮಹಾವಿಷ್ಣು ಅದನ್ನೇ ತೆಗೆದು ಕಟ್ಟುನಿಟ್ಟು ಮಾಡಿತು. ಬರೆದಿಟ್ಟ ಭಾಗಗಳು, ಎಲ್ಲರೂ ಒಟ್ಟಿಗೆ ನುಡಿಸುವ ಉದ್ದುದ್ದ ಸಾಲುಗಳು, ರಾಕ್ ತಂಡದ ಸದ್ದು. ಸೋಲೋ ಬಂದಾಗ ಮಾತ್ರ ಜಾಝಿನ ಸ್ವಾತಂತ್ರ್ಯ. ಹಾಗಾಗಿ ‘ಫ್ಯೂಷನ್’ ಅನ್ನುವ ಹೆಸರು ಬಂತು. ಆ ಹೆಸರು ಆಮೇಲೆ ಎಂತೆಂಥದ್ದಕ್ಕೋ ಅಂಟಿಕೊಂಡು ಕೆಟ್ಟುಹೋಯಿತು, ಅದು ಬೇರೆ ಕತೆ.

‘ಮಹಾವಿಷ್ಣು’ ಅಂತ ಯಾಕೆ? ಇದರಲ್ಲಿ ನಮ್ಮ ಸಂಗೀತ ಇದೆಯಾ?

ಮೆಕ್‌ಲಾಫ್ಲಿನ್ 1970ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿದ್ದ ಬಂಗಾಳಿ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾದರು. ಮಹಾವಿಷ್ಣು ಅನ್ನುವುದು ಗುರು ಕೊಟ್ಟ ಹೆಸರು. ಆಲ್ಬಮ್ ಹೆಸರಿನ ‘ಒಳಗೆ ಮೇಲೇರುವ ಜ್ವಾಲೆ’ಯೂ ಅದೇ ಮನೆಯದು. ಸ್ಟೇಜ್ ಮೇಲೆ ಬಿಳಿ ಬಟ್ಟೆ ಹಾಕಿಕೊಂಡು, ಶುರುವಿಗೆ ಒಂದು ನಿಮಿಷ ಮೌನ ಕೇಳಿ, ಆಮೇಲೆ ಕಿವಿ ಹರಿದುಹೋಗುವಷ್ಟು ಜೋರಾಗಿ ನುಡಿಸುತ್ತಿದ್ದರು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಆದರೆ ರಾಗ, ಆಲಾಪನೆ ಅಂತ ಹುಡುಕಿಕೊಂಡು ಹೋದರೆ ನಿರಾಸೆ ಆಗುತ್ತದೆ. ಸಿತಾರ್ ಇಲ್ಲ, ತಬಲಾ ಇಲ್ಲ. ಇರುವುದು ಲೆಕ್ಕದ ರುಚಿ. ಏಳು, ಒಂಬತ್ತು, ಹತ್ತರ ಮೇಲೆ ಆರಾಮಾಗಿ ಕೂರುವ ಅಭ್ಯಾಸ. ಮೇಲೆ ಯಾರು ಎಷ್ಟೇ ದೂರ ಹೋದರೂ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಎಲ್ಲರೂ ಒಟ್ಟಿಗೆ ಬಂದು ಇಳಿಯುವ ಖುಷಿ. ತನಿ ಆವರ್ತನದ ಕೊನೆಯಲ್ಲಿ ಮುಕ್ತಾಯ ಮೂರು ಸಲ ಬಂದು ಸಮಕ್ಕೆ ಬಿದ್ದಾಗ ಸಭೆಯಲ್ಲಿ ಒಂದು ಉಸಿರು ಹೊರಡುತ್ತದಲ್ಲ, ಅಂಥದ್ದೇ ಜಾಗಗಳು ಇಲ್ಲೂ ಇವೆ.

ಆಮೇಲೆ ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ಕೂತು ವೀಣೆ ಕಲಿತರು. ಅದರ ಫಲ ‘ಶಕ್ತಿ’ ತಂಡ: ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ನಮ್ಮ ಸಂಗೀತ ಬೇಕು ಅನ್ನುವವರು ಅಲ್ಲಿಗೆ ಹೋಗಿ. ಇಲ್ಲಿ ಬಂದು ‘ಇದರಲ್ಲಿ ರಾಗ ಶುದ್ಧ ಇಲ್ಲ’ ಅಂತ ಬೈಯಬೇಡಿ. ಅಂಥ ಬೈಗುಳವನ್ನೂ ಕೇಳಿದ್ದೇನೆ.

ರಾಕ್ ತಂಡದಲ್ಲಿ ಪಿಟೀಲು ಯಾಕೆ? ಕರಕರ ಅನ್ನುತ್ತದಲ್ಲ?

ಗುಡ್‌ಮನ್ ಪಿಟೀಲಿಗೂ ಕರೆಂಟ್ ಕೊಟ್ಟಿದ್ದಾರೆ. ಹಾಗಾಗಿ ನಮಗೆ ಗೊತ್ತಿರುವ ಪಿಟೀಲಿನ ನಾದ ಅಲ್ಲ ಅದು. ಅದಕ್ಕೆ ಮುಖ್ಯ ಕೆಲಸ ಒಂದಿದೆ: ಗಿಟಾರ್ ಹೇಳಿದ್ದನ್ನೇ ಜೊತೆಗೆ ಹೇಳುವುದು. ಗಿಟಾರ್‌ನ ಸ್ವರ ಹೊಡೆದ ತಕ್ಷಣ ಸಾಯಲು ಶುರು ಮಾಡುತ್ತದೆ. ಪಿಟೀಲಿನ ಸ್ವರ ಕಮಾನು ಇರುವವರೆಗೂ ಉಳಿಯುತ್ತದೆ. ಎರಡೂ ಸೇರಿ ಒಂದೇ ಸಾಲು ನುಡಿಸಿದಾಗ ಮುಂದೆ ಚೂಪು, ಹಿಂದೆ ಉದ್ದ ಬಾಲ ಇರುವ ಒಂದು ಹೊಸ ವಾದ್ಯ ಹುಟ್ಟುತ್ತದೆ. ‘ಮೀಟಿಂಗ್ ಆಫ್ ದಿ ಸ್ಪಿರಿಟ್ಸ್’ನಲ್ಲಿ ಮುಖ್ಯ ಸಾಲು ಬರುವಾಗ ಇದನ್ನು ಕೇಳಿ.

ಶ್ರುತಿ ಒಂದೆರಡು ಕಡೆ ಅಲುಗಾಡುತ್ತದೆ ಅನ್ನುವವರ ಮಾತನ್ನು ಒಪ್ಪುತ್ತೇನೆ. ನನಗೆ ಅದು ಬೇಡ ಅನ್ನಿಸಿಲ್ಲ.

ಕೀಬೋರ್ಡ್ ಯಾಕೆ ತಗಡು ಬಡಿದ ಹಾಗೆ ಕೇಳಿಸುತ್ತದೆ?

ಅದು ರಿಂಗ್ ಮಾಡ್ಯುಲೇಟರ್ ಅನ್ನುವ ಪೆಟ್ಟಿಗೆಯ ಕೆಲಸ. ಹ್ಯಾಮರ್ ತಮ್ಮ ಎಲೆಕ್ಟ್ರಿಕ್ ಪಿಯಾನೋವನ್ನು ಅದರೊಳಗೆ ಹಾಯಿಸಿದ್ದಾರೆ. ಅದು ಮಾಡುವುದಿಷ್ಟೇ: ಬಂದ ಸ್ವರವನ್ನು ಇನ್ನೊಂದು ಸ್ಥಿರ ಸ್ವರದಿಂದ ಗುಣಿಸುತ್ತದೆ. ಆಗ ಹೊರಗೆ ಬರುವುದು ಎರಡರ ಮೊತ್ತ ಮತ್ತು ಎರಡರ ವ್ಯತ್ಯಾಸ. 440 ಹರ್ಟ್ಸ್‌ನ ಸ್ವರಕ್ಕೆ 100 ಹರ್ಟ್ಸ್ ಸೇರಿಸಿದರೆ 540 ಮತ್ತು 340 ಸಿಗುತ್ತವೆ. ಈ ಎರಡಕ್ಕೂ ಮೂಲ ಸ್ವರದ ಜೊತೆ ಸಂಬಂಧವೇ ಇಲ್ಲ. ಅದಕ್ಕೇ ಗಂಟೆ, ತಗಡು, ಮುರಿದ ರೇಡಿಯೋ ಎಲ್ಲ ನೆನಪಾಗುವುದು.

‘ದಿ ನೂನ್‌ವರ್ಡ್ ರೇಸ್’ನಲ್ಲಿ ಅವರ ಸರದಿ ಬಂದಾಗ ಇದು ಜೋರಾಗಿ ಕೇಳಿಸುತ್ತದೆ. ಕೆಲವರಿಗೆ ಆಲ್ಬಮ್ಮಿನ ಅತಿ ಕೆಟ್ಟ ಒಂದು ನಿಮಿಷ ಅದು. ನನಗೆ ಪರವಾಗಿಲ್ಲ. ಮುಂದಿನ ಆಲ್ಬಮ್ ಹೊತ್ತಿಗೆ ಹ್ಯಾಮರ್ ಕೈಗೆ ಮೂಗ್ ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು, ಸ್ವರ ಬಗ್ಗಿಸಿ ಗಿಟಾರ್ ಹಾಗೇ ನುಡಿಸಲು ಶುರು ಮಾಡಿದರು. ‘ಮಯಾಮಿ ವೈಸ್’ ಟಿವಿ ಸರಣಿಯ ಟ್ಯೂನ್ ಮಾಡಿ 1985ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಹೋದವರೂ ಇವರೇ.

ಡ್ರಮ್ಸ್ ಸ್ವಲ್ಪ ಅತಿ ಆಯ್ತು ಅನ್ನಿಸಲ್ವಾ?

ಅನ್ನಿಸುತ್ತದೆ. ಆದರೆ ಕೋಬಮ್ ಮಾಡುತ್ತಿರುವುದು ಹಿಂದೆ ಕೂತು ಕಾಲ ಹಿಡಿಯುವ ಕೆಲಸ ಅಲ್ಲ. ಆ ಕೆಲಸ ಬೇಸ್‌ನದು, ಆಗಲೇ ಹೇಳಿದೆ. ಇವರು ನಾಲ್ಕನೇ ಸೋಲೋ ವಾದ್ಯ. ಮೇಲಿನ ಮೂವರ ಮಾತಿಗೆ ಎದುರು ಮಾತು ಕೊಡುವವರು. ಎಡಗೈ, ಬಲಗೈ ಎರಡಕ್ಕೂ ಒಂದೇ ಬಲ. ‘ಡ್ರಮ್ಸ್ ಅತಿ’ ಅಂದವರಿಗೆ ‘ಡ್ರಮ್ಸ್ ಇಲ್ಲದೆ’ ಯೋಚನೆ ಮಾಡಿ ಅಂತ ಹೇಳುತ್ತೇನೆ. ಅದನ್ನೂ ಈ ಆಲ್ಬಮ್ ಮಾಡಿ ತೋರಿಸಿದೆ, ಮುಂದಿನ ಪ್ರಶ್ನೆ ನೋಡಿ.

‘ಎ ಲೋಟಸ್ ಆನ್ ಐರಿಷ್ ಸ್ಟ್ರೀಮ್ಸ್’ ಯಾಕೆ ಇದರಲ್ಲಿದೆ? ಬೇರೆ ಆಲ್ಬಮ್ಮಿನದು ಅನ್ನಿಸುತ್ತದೆ.

ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಅಕೂಸ್ಟಿಕ್ ಗಿಟಾರ್, ಪಿಯಾನೋ, ಪಿಟೀಲು, ಮೂರೇ. ‘ದಿ ನೂನ್‌ವರ್ಡ್ ರೇಸ್’ ಮುಗಿದ ಕೂಡಲೇ ಇದು ಬರುತ್ತದೆ. ಎಲ್‌ಪಿ ಕಾಲದಲ್ಲಿ ಮೊದಲ ಮಗ್ಗುಲು ಇಲ್ಲಿಗೆ ಮುಗಿಯುತ್ತಿತ್ತು. ಓಡಿ ಬಂದು ಜಗಲಿ ಮೇಲೆ ಕೂತ ಹಾಗೆ.

ಇದನ್ನು ಮೆಚ್ಚುವವರು ಬಹಳ. ಉಳಿದ ಆಲ್ಬಮ್ ಸಹಿಸದವರೂ ಇದೊಂದನ್ನು ಇಟ್ಟುಕೊಳ್ಳುತ್ತಾರೆ. ನನ್ನ ತಕರಾರು ಒಂದಿದೆ: ಇಲ್ಲೂ ಮೆಕ್‌ಲಾಫ್ಲಿನ್‌ಗೆ ಕೈ ಸುಮ್ಮನಿರುವುದಿಲ್ಲ. ಮೆಲ್ಲಗೆ ಹೋಗುತ್ತಿರುವ ಹೊಳೆಗೆ ನಡುನಡುವೆ ಸ್ವರದ ಮಳೆ ಸುರಿಸುತ್ತಾರೆ. ಒಂದೆರಡು ಕಡೆ ಬಿಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಗುಡ್‌ಮನ್ ಮಾತ್ರ ಇಲ್ಲಿ ಬಂಗಾರ.

ರೆಕಾರ್ಡಿಂಗ್ ಯಾಕೆ ಅಷ್ಟು ಒರಟು? ಯಾವ ಪ್ರತಿ ಕೇಳಬೇಕು?

ಮೇಲಿನ ಸದ್ದು ಜಾಸ್ತಿ, ಬೇಸ್ ಹಿಂದೆ ಸರಿದಿದೆ, ಜೋರಿನ ಕಡೆ ಎಲ್ಲ ಸ್ವಲ್ಪ ಕಲಸಿಕೊಳ್ಳುತ್ತದೆ. ನಿಜ. 1998ರಲ್ಲಿ ಹೊಸದಾಗಿ ಮಾಸ್ಟರ್ ಮಾಡಿದ ಸಿಡಿ ಬಂತು, ಅದರಲ್ಲಿ ಲೇರ್ಡ್ ಸ್ವಲ್ಪ ಚೆನ್ನಾಗಿ ಕೇಳಿಸುತ್ತಾರೆ ಅಂತ ನನ್ನ ಕಿವಿ ಹೇಳುತ್ತದೆ. ಹಳೇ ಎಲ್‌ಪಿಯೇ ಸರಿ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಪ್ರತಿ ಯಾವುದಾದರೂ ಆಗಲಿ, ವಾಲ್ಯೂಮ್ ಎರಡು ಗೆರೆ ಕಮ್ಮಿ ಮಾಡಿ ಕೇಳಿ. ಜೋರಾಗಿ ನುಡಿಸಿದ್ದನ್ನು ಜೋರಾಗೇ ಕೇಳಬೇಕು ಅನ್ನುವ ನಿಯಮ ಏನಿಲ್ಲ.

‘ಬರ್ಡ್ಸ್ ಆಫ್ ಫೈರ್’ ಇದಕ್ಕಿಂತ ಒಳ್ಳೇದು ಅಂತಾರಲ್ಲ?

ಅಂತಾರೆ. 1973ರಲ್ಲಿ ಬಂದ ಎರಡನೇ ಆಲ್ಬಮ್ ಅದು. ಮಾರಾಟದಲ್ಲಿ ಅದೇ ಗೆದ್ದಿತು. ಮೊದಲನೆಯದು ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 89ನೇ ಜಾಗಕ್ಕೆ ನಿಂತಿತ್ತು, ಎರಡನೆಯದು 15ಕ್ಕೆ ಹೋಯಿತು. ಹಾಡಿಲ್ಲದ, ಕುಣಿಯಲಾಗದ ಆಲ್ಬಮ್ ಒಂದು 15ಕ್ಕೆ ಹೋಗಿತ್ತು ಅನ್ನುವುದನ್ನು ಈಗ ನಂಬುವುದೇ ಕಷ್ಟ.

ಅದರಲ್ಲಿ ಸದ್ದು ಶುಭ್ರ, ಟ್ರ್ಯಾಕ್‌ಗಳು ಚಿಕ್ಕವು, ಮೂಗ್ ಇದೆ. ‘ಒನ್ ವರ್ಡ್’ನಲ್ಲಿ ಗಿಟಾರ್, ಪಿಟೀಲು, ಮೂಗ್ ಮೂವರೂ ಸವಾಲ್ ಜವಾಬ್ ಮಾಡುವ ಜಾಗಕ್ಕೆ ಸಾಟಿ ಇಲ್ಲ. ಹೊಸಬರಿಗೆ ಯಾವುದು ಸುಲಭ ಅಂದರೆ ನಾನೂ ಅದನ್ನೇ ಕೊಡುತ್ತೇನೆ.

ಆದರೆ ನನಗೆ ಬೇಕಾದ್ದು ಮೊದಲನೆಯದು. ಎರಡನೆಯದರಲ್ಲಿ ಅವರಿಗೆ ತಾವು ಏನು ಮಾಡಬಲ್ಲೆವು ಅಂತ ಗೊತ್ತು. ಮೊದಲನೆಯದರಲ್ಲಿ ಇನ್ನೂ ಗೊತ್ತಿಲ್ಲ. ಒಂದೊಂದು ತಿರುವಿನಲ್ಲೂ ‘ಅಯ್ಯೋ, ಆಗಿಬಿಡ್ತಲ್ಲ!’ ಅನ್ನುವ ಬೆರಗು ಅವರಿಗೇ ಆದ ಹಾಗಿದೆ.

ಇದು ಸಂಗೀತ ಕಲಿತವರಿಗೆ ಮಾತ್ರನಾ?

ಕಲಿತವರೇ ಜಾಸ್ತಿ ಹೊಗಳುತ್ತಾರೆ, ಅದು ನಿಜ. ಗಿಟಾರ್ ಕಲಿಯುವವರು ಇದನ್ನು ಕೇಳಿ ಎರಡು ದಿನ ಗಿಟಾರ್ ಮುಟ್ಟುವುದಿಲ್ಲ, ಆಮೇಲೆ ಎಂಟು ಗಂಟೆ ಸಾಧನೆ ಮಾಡುತ್ತಾರೆ. ಅವರ ಹೊಗಳಿಕೆಯಿಂದ ಒಂದು ತೊಂದರೆ ಇದೆ: ‘ಅಬ್ಬಾ ಎಷ್ಟು ಕಷ್ಟ’ ಅನ್ನುವುದನ್ನೇ ಹೇಳುತ್ತಾರೆ. ಕಷ್ಟ ಇರುವುದಕ್ಕೆ ಯಾರೂ ಸಂಗೀತ ಕೇಳುವುದಿಲ್ಲ, ಅಲ್ವಾ?

ಏನೂ ಕಲಿಯದ, ಸ ರಿ ಗ ಮ ಕೂಡ ಗೊತ್ತಿಲ್ಲದ ಒಬ್ಬರು ನನಗೆ ಹೇಳಿದ ಮಾತು ನೆನಪಿದೆ. "ಮಳೆ ಬರೋಕೆ ಮುಂಚೆ ಗಾಳಿ ಎದ್ದು ಕಿಟಕಿ ಎಲ್ಲ ಬಡ್ಕೊಳ್ಳುತ್ತಲ್ಲ, ಹಂಗಿದೆ." ನನಗೆ ಇದಕ್ಕಿಂತ ಸರಿಯಾದ ಅಭಿಪ್ರಾಯ ಸಿಕ್ಕಿಲ್ಲ.

ಇಷ್ಟು ಚೆನ್ನಾಗಿದ್ದ ತಂಡ ಯಾಕೆ ಒಡೆಯಿತು?

ಎರಡೂವರೆ ವರ್ಷ ಅಷ್ಟೇ ಬಾಳಿತು. 1973ರ ಕೊನೆಗೆ ಮುಗಿಯಿತು. ಬಿಡುವಿಲ್ಲದ ಪ್ರವಾಸ ಒಂದು ಕಾರಣ. ಇನ್ನೊಂದು, ರಚನೆ ಯಾರದು ಅನ್ನುವ ಜಗಳ. ಮೊದಲ ಎರಡು ಆಲ್ಬಮ್ಮಿನಲ್ಲಿ ಎಲ್ಲ ರಚನೆಗೂ ಮೆಕ್‌ಲಾಫ್ಲಿನ್ ಒಬ್ಬರದೇ ಹೆಸರು. ಮಿಕ್ಕವರಿಗೂ ತಮ್ಮ ಟ್ಯೂನ್ ಬರಬೇಕು ಅನ್ನುವ ಆಸೆ. 1973ರ ಜೂನ್‌ನಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮೂರನೇ ಆಲ್ಬಮ್ ರೆಕಾರ್ಡ್ ಮಾಡಿದರು, ಅದನ್ನು ಹೊರಗೆ ಬಿಡಲಿಲ್ಲ. 26 ವರ್ಷ ಬೀರುವಿನಲ್ಲಿದ್ದು 1999ರಲ್ಲಿ ಬಂತು. ಅದರ ಬದಲು ಆಗ ಬಂದದ್ದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ನುಡಿಸಿದ ಲೈವ್ ಆಲ್ಬಮ್.

ಮೊದಲ ಆಲ್ಬಮ್ ಕೇಳುವಾಗ ಈ ಜಗಳದ ಸುಳಿವು ಎಲ್ಲಾದರೂ ಇದೆಯಾ ಅಂತ ಹುಡುಕಿದ್ದೇನೆ. ನನಗೆ ಸಿಕ್ಕಿಲ್ಲ.

ಇದು ಹಿಡಿಸಿತು. ಮುಂದೆ ಏನು ಕೇಳಲಿ?

ಕೋಬಮ್ ಒಬ್ಬರದೇ ‘ಸ್ಪೆಕ್ಟ್ರಮ್’, 1973ರದು, ಹ್ಯಾಮರ್ ಕೂಡ ಇದ್ದಾರೆ. ಲೆಕ್ಕ ಕಮ್ಮಿ, ಮೋಜು ಜಾಸ್ತಿ. ಚಿಕ್ ಕೊರಿಯಾ ತಂಡ ರಿಟರ್ನ್ ಟು ಫಾರೆವರ್‌ನ ‘ರೊಮ್ಯಾಂಟಿಕ್ ವಾರಿಯರ್’ ಇನ್ನೂ ಅಚ್ಚುಕಟ್ಟು, ನನಗೆ ಸ್ವಲ್ಪ ಇಸ್ತ್ರಿ ಜಾಸ್ತಿ ಆದ ಹಾಗೆ. ಇದರ ಒರಟು ಹಿಡಿಸದೆ, ಜಾಝ್-ರಾಕ್ ಮಾತ್ರ ಬೇಕು ಅನ್ನುವವರಿಗೆ ವೆದರ್ ರಿಪೋರ್ಟ್‌ನ ‘ಹೆವಿ ವೆದರ್’. ‘ಶಕ್ತಿ’ಯ ಬಗ್ಗೆ ಆಗಲೇ ಹೇಳಿದ್ದೇನೆ.

ಒಂದೇ ಒಂದು ಟ್ರ್ಯಾಕ್ ಕೇಳೋಕೆ ಟೈಮ್ ಇದೆ. ಯಾವುದು?

‘ಯು ನೋ, ಯು ನೋ’. ಸುಮಾರು ಐದು ನಿಮಿಷ.

ಒಂದು ಚಿಕ್ಕ, ತಣ್ಣನೆಯ ಸುತ್ತು. ಗಿಟಾರ್ ಮತ್ತು ಬೇಸ್ ಅದನ್ನೇ ಮತ್ತೆ ಮತ್ತೆ ನುಡಿಸುತ್ತವೆ. ಮಿಕ್ಕವರು ಕಾಯುತ್ತಾರೆ. ನಡುನಡುವೆ ಯಾರೋ ಒಬ್ಬರು ಎರಡು ಮಾತು ಆಡಿ ಸುಮ್ಮನಾಗುತ್ತಾರೆ. ಆಮೇಲೆ ಕೋಬಮ್ ಒಮ್ಮೆ ಸಿಡಿಯುತ್ತಾರೆ, ಮತ್ತೆ ಮೌನ. ಗಿಟಾರ್ ಒಮ್ಮೆ ಕಿರುಚುತ್ತದೆ, ಮತ್ತೆ ಮೌನ. ಅಷ್ಟು ಸ್ಪೀಡು ಗೊತ್ತಿರುವವರು ಸುಮ್ಮನೆ ಕೂತಾಗ ಆ ಸುಮ್ಮನಿರುವುದಕ್ಕೇ ಒಂದು ತೂಕ ಬರುತ್ತದೆ. ಯಾವಾಗ ಎದ್ದಾರು ಅಂತ ಕಿವಿ ನಿಮಿರಿಸಿಕೊಂಡು ಕೂರುತ್ತೀರಿ.

ಇಪ್ಪತ್ತು ವರ್ಷ ಆದ ಮೇಲೆ, 1991ರಲ್ಲಿ, ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡದವರು ತಮ್ಮ ‘ಒನ್ ಲವ್’ ಹಾಡಿಗೆ ಈ ಆಲ್ಬಮ್ಮಿನಿಂದ ಒಂದು ತುಣುಕು ಎತ್ತಿಕೊಂಡರು. ಅಷ್ಟೆಲ್ಲ ಓಟ, ಒಂಬತ್ತು, ಹತ್ತು ಬಿಟ್ಟು ಅವರು ಎತ್ತಿಕೊಂಡದ್ದು ಈ ತಣ್ಣನೆ ಸುತ್ತನ್ನೇ. ಅಲ್ಲೂ ಕೆಳಗಡೆ ಕೇಳಿ, ಲೇರ್ಡ್ ಇದ್ದಾರೆ.